ಗಿಡ್ಡ ಪಿನ್ನು

ನಮ್ಮೂರಿನ ಗಂಡಸರಿಗೆ ಬಂದೂಕಿನ ಹುಚ್ಚು. ಗೋಡೆಯ ಮೇಲೆ ಒಂದು ಗಡಿಯಾರ, ಒಂದು ಮದುವೆ ಫೋಟೋ, ಒಂದು ಬಂದೂಕು ಇಲ್ಲದಿದ್ದರೆ ಅದನ್ನು ಮನೆಯೆಂದೇ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾಕಪ್ಪಾ ಇದು ಎಂದರೆ ಎಲ್ಲರದ್ದೂ ಒಂದೇ ಉತ್ತರ: ಆತ್ಮರಕ್ಷಣೆಗೆ. ಯಾರಿಂದ ರಕ್ಷಣೆ ಎಂದರೆ ಪಕ್ಕದ ಮನೆಯ ಬಂದೂಕಿನ ಕಡೆ ಕೈ ತೋರಿಸುತ್ತಾರೆ. ಹಾಗಂತ ಒಬ್ಬನಾದರೂ ಅದನ್ನು ಹಾರಿಸಿದ್ದನ್ನು ನಾನು ನೋಡಿರಲಿಲ್ಲ. ಊರೊಳಗೆ ಗುಂಡು ಹಾರಿಸಿದರೆ ಲೈಸೆನ್ಸ್ ಹೋಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಕೆಳಗಿಳಿಸಿ, ಧೂಳು ಒರೆಸಿ, ನನ್ನ ಅಂಗಡಿಗೆ ತಂದು, ಎಣ್ಣೆ ಹಾಕಿಸಿ, ‘ಸುಸ್ಥಿತಿಯಲ್ಲಿದೆ’ ಎಂಬ ಸರ್ಟಿಫಿಕೇಟು ಬರೆಸಿಕೊಂಡು ಹೋಗಿ ಮತ್ತೆ ಮೊಳೆಗೆ ನೇತುಹಾಕುತ್ತಿದ್ದರು. ಆ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಇದ್ದದ್ದು ನನ್ನೊಬ್ಬನಿಗೆ. ನದಿಯ ಈಚೆ ದಡಕ್ಕೂ ನಾನೇ, ಆಚೆ ದಡಕ್ಕೂ ನಾನೇ.

ಆ ಸಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು. ಹೇಗೆಂದು ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಯಾರನ್ನು ಉದ್ಧಾರ ಮಾಡಬೇಕಾಗಿದೆ? ಬಂದೂಕಿನ ಹೊಟ್ಟೆಯೊಳಗೆ ಒಂದು ಸಣ್ಣ ಉಕ್ಕಿನ ಪಿನ್ನು ಇರುತ್ತದೆ. ಟ್ರಿಗರ್ ಎಳೆದಾಗ ಅದು ಮುಂದೆ ನೆಗೆದು ತೋಟಾದ ಹಿಂಭಾಗಕ್ಕೆ ಕುಟ್ಟುತ್ತದೆ. ಕುಟ್ಟಿದರೆ ಗುಂಡು ಹಾರುತ್ತದೆ, ಕುಟ್ಟದಿದ್ದರೆ ಬರೀ ‘ಟಕ್’. ಆ ಪಿನ್ನಿನ ಮೂತಿಯನ್ನು ಎಳ್ಳುಕಾಳಿನಷ್ಟು ಅರದಿಂದ ಉಜ್ಜಿ ಗಿಡ್ಡ ಮಾಡಿದರೆ ಸಾಕು. ಬಂದೂಕಿನ ತೂಕ ಅದೇ, ಹೊಳಪು ಅದೇ, ಸದ್ದೂ ಅದೇ. ಬಿಚ್ಚಿ ನೋಡದ ಹೊರತು ಯಾವನಿಗೂ ಗೊತ್ತಾಗುವುದಿಲ್ಲ. ಅರ್ಧ ಗಂಟೆಯ ಕೆಲಸ.

ಹನ್ನೊಂದು ವರ್ಷಗಳ ಹಿಂದೆ ಇದನ್ನು ಮೊದಲು ಕೇಳಿದವರು ಆಚೆ ದಡದ ಟೀಚರ್. ಅವರ ಗಂಡನದ್ದು ಸೇತುವೆ ದಾಟಿದ ಕೂಡಲೇ ಸಿಗುವ ಔಷಧಿ ಅಂಗಡಿ. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಹೆಂಡತಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಹೆಂಗಸರು ಹಿಂದಿನ ಬಾಗಿಲಿನಿಂದ ಬರುತ್ತಾರೆ. ಟೀಚರ್ ಅವತ್ತು ಮಗಳ ಫ್ರಾಕು ಕೊಟ್ಟು, ಕೊಟ್ಟಾದ ಮೇಲೂ ನಿಂತೇ ಇದ್ದರು. ಹೆಂಡತಿ ನನ್ನನ್ನು ಒಳಗೆ ಕರೆದಳು.

“ನಮ್ಮನೆಯವರು ಬುಧವಾರ ಬಂದೂಕು ತರ್ತಾರೆ. ಅದು ಹಾರದ ಹಾಗೆ ಮಾಡೋಕಾಗುತ್ತಾ? ಅವರಿಗೆ ಗೊತ್ತಾಗಬಾರದು,” ಎಂದರು.

“ಯಾರ ಮೇಲಾದ್ರೂ ಸಿಟ್ಟಿದೆಯಾ ಟೀಚರ್ ಅವರಿಗೆ?”

“ಅವರ ಮೇಲೇ ಅವರಿಗೆ. ಕೆಲವು ದಿನ ಹಾಸಿಗೆಯಿಂದ ಏಳೋದೇ ಇಲ್ಲ. ಗೋಡೆ ನೋಡ್ತಾ ಮಲಗಿರ್ತಾರೆ. ಆ ಗೋಡೆ ಮೇಲೇ ಅದನ್ನ ನೇತುಹಾಕಿರೋದು.”

ಬುಧವಾರ ಔಷಧಿ ಅಂಗಡಿಯವರು ಬಂದರು. ನಗುಮುಖದ ಮನುಷ್ಯ. ನಾನು ಕೆಮ್ಮಿದ್ದು ಕಂಡು, ಕೇಳದೇ ಇದ್ದರೂ ಒಂದು ಸಿರಪ್ಪಿನ ಹೆಸರು ಬರೆದುಕೊಟ್ಟರು. ನಾನು ಅವರ ಪಿನ್ನು ಗಿಡ್ಡ ಮಾಡಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಟ್ಟೆ. ಹನ್ನೊಂದು ವರ್ಷ ಅವರು ಬದುಕಿದರು. ಆ ಪಿನ್ನೇ ಉಳಿಸಿತೋ ಇಲ್ಲವೋ ಯಾರಿಗೆ ಗೊತ್ತು, ಟೀಚರ್ ಮಾತ್ರ ಹಾಗೇ ನಂಬಿದ್ದರು.

ಅಲ್ಲಿಂದ ಸುದ್ದಿ ಹೆಂಗಸರ ಕಿವಿಯಿಂದ ಕಿವಿಗೆ ಹೋಯಿತು. ಗಂಡಸರ ಕಿವಿಗೆ ಮಾತ್ರ ಬೀಳಲಿಲ್ಲ, ಅವರು ಹೆಂಗಸರ ಮಾತನ್ನು ಯಾವತ್ತು ಕೇಳಿಸಿಕೊಂಡಿದ್ದರು? ಹೆಂಡತಿ ಅಳತೆ ಚೀಟಿಯ ಮೂಲೆಯಲ್ಲಿ ‘ಗಿಡ್ಡ’ ಎಂದು ಬರೆದು ನನ್ನ ಮೇಜಿನ ಮೇಲಿಟ್ಟರೆ ಸಾಕು, ಯಾವ ಮನೆಯ ಬಂದೂಕು ಎಂದು ನನಗೆ ತಿಳಿಯುತ್ತಿತ್ತು. ಕುಡಿದು ಬಂದರೆ ಕೈ ತಡೆಯದ ಗಂಡ ಒಬ್ಬಳಿಗೆ. ಇನ್ನೊಬ್ಬಳ ಮಾವ ನಡುಗೋಡೆಯ ಜಗಳದಲ್ಲಿ ದಿನಕ್ಕೆರಡು ಸಲ ‘ಸುಟ್ಟು ಹಾಕ್ತೀನಿ’ ಎನ್ನುತ್ತಿದ್ದ. ಒಬ್ಬ ತಾಯಿ ಏನೂ ಕಾರಣ ಹೇಳದೆ ಅತ್ತು ಹೋದಳು, ಅವಳದ್ದನ್ನೂ ಮಾಡಿದೆ. ಹನ್ನೊಂದು ವರ್ಷದಲ್ಲಿ ಎರಡೂ ದಡ ಸೇರಿ ಅರವತ್ತೊಂದು. ಬಂದೂಕನ್ನು ಹೆಗಲಿಗೇರಿಸಿ ಎದೆಯುಬ್ಬಿಸಿಕೊಂಡು ಹೋಗುವವರನ್ನು ಕಂಡರೆ ಗಂಡ ಹೆಂಡತಿ ಇಬ್ಬರೂ ಒಳಗೊಳಗೇ ನಗುತ್ತಿದ್ದೆವು. ಊರಿನ ಶಾಂತಿ ನನ್ನ ಅರದ ತುದಿಯಲ್ಲಿದೆ ಎಂಬ ಕೊಬ್ಬು ನನಗೆ. ಇರಲಿ, ಆ ಕೊಬ್ಬು ಈಗ ಇಳಿದಿದೆ.

ನನ್ನ ತಂಗಿಯ ಗಂಡನದ್ದೂ ಆ ಅರವತ್ತೊಂದರಲ್ಲಿ ಒಂದು. ಭಾವನದ್ದು ಟೈರ್ ಅಂಗಡಿ, ಅಂಗಡಿಯ ಮೇಲೇ ಮನೆ. ಊರವರು ಇಟ್ಟ ಹೆಸರು ಬೆಂಕಿಪೊಟ್ಟಣ. ಕೆಟ್ಟವನೇನಲ್ಲ, ಕೇಳಿದವರಿಗೆಲ್ಲ ಸುಮ್ಮನೆ ಗಾಳಿ ತುಂಬಿಕೊಡುವವನು. ಆದರೆ ಕೋಪ ಮೂಗಿನ ತುದಿಯಲ್ಲೇ, ಅದರಲ್ಲೂ ಯಾರಾದರೂ ನಕ್ಕರೆ ಮುಗಿಯಿತು. ಯಾರು ಎಲ್ಲಿ ಯಾಕೆ ನಕ್ಕರೂ ತನ್ನನ್ನೇ ನೋಡಿ ನಕ್ಕರು ಎಂದುಕೊಳ್ಳುವ ಜಾಯಮಾನ. ಮದುವೆಯಾದ ಎರಡನೇ ವರ್ಷವೇ ತಂಗಿ ಹಿಂದಿನ ಬಾಗಿಲಿಗೆ ಬಂದು ನಿಂತಿದ್ದಳು.

ಆಮೇಲೆ ಲಾರಿ ನಿಲ್ದಾಣದ ಗಲಾಟೆ ಶುರುವಾಯಿತು. ಆಚೆ ದಡದಲ್ಲಿದ್ದ ನಿಲ್ದಾಣವನ್ನು ಈಚೆಗೆ ತರುತ್ತಾರೆ ಎಂದು ಒಂದು ಸುದ್ದಿ, ಇಲ್ಲ ಎಂದು ಇನ್ನೊಂದು. ಯಾರೋ ಒಂದು ಲಾರಿಗೆ ಬೆಂಕಿಯಿಟ್ಟರು, ಇನ್ಯಾರೋ ಒಂದು ಗೋದಾಮಿಗೆ. ಒಂದೇ ಚಹಾ ಅಂಗಡಿಯಲ್ಲಿ ಒಟ್ಟಿಗೆ ಕೂರುತ್ತಿದ್ದವರು ‘ಅವರು’, ‘ನಾವು’ ಎಂದು ಮಾತಾಡತೊಡಗಿದರು. ಪೊಲೀಸರು ಎರಡು ದಿನ ಇದ್ದು ಮೂರನೇ ದಿನ ಬೇರೆ ಊರಿನ ಗಲಾಟೆಗೆ ಹೊರಟರು. ಜೀಪು ಹತ್ತುವಾಗ ಅವರ ಸಾಹೇಬ, “ನಿಮ್ಮ ಹತ್ರ ಲೈಸೆನ್ಸ್ ಇರೋ ಬಂದೂಕುಗಳಿವೆಯಲ್ಲ, ನಾಲ್ಕು ದಿನ ನೀವೇ ನೋಡ್ಕೊಳ್ಳಿ,” ಎಂದ. ಅಷ್ಟು ಹೇಳಿದ್ದೇ ತಡ, ಎರಡೂ ದಡದಲ್ಲಿ ಒಂದೊಂದು ರಕ್ಷಣಾ ಸಮಿತಿ ಹುಟ್ಟಿತು. ಗಡಿಯಾರ, ಮದುವೆ ಫೋಟೋ ಗೋಡೆಯ ಮೇಲೇ ಉಳಿದವು. ಬಂದೂಕುಗಳು ಸೇತುವೆಗೆ ಬಂದವು.

ಊರೆಲ್ಲ ನಡುಗುತ್ತಿದ್ದರೂ ನಾನು ಆರಾಮಾಗಿದ್ದೆ. ಸೇತುವೆಗೆ ಹೋಗಿ ಎರಡೂ ಕಡೆಯ ಮುಖಗಳನ್ನು ನೋಡಿ ಬಂದೆ. ಒಬ್ಬೊಬ್ಬರನ್ನೂ ಗುರುತಿಸಿದೆ, ಎಲ್ಲರ ಚೀಟಿಯ ಮೇಲೂ ‘ಗಿಡ್ಡ’ ಎಂದಿತ್ತು. ಯಾರ ಮನೆಯ ಹೆಂಗಸರಿಗೆ ಭಯವಿರಲಿಲ್ಲವೋ ಅಂಥ ತಣ್ಣನೆಯ ಗಂಡಸರು ಸೇತುವೆಗೆ ಬಂದಿರಲೇ ಇಲ್ಲ. ಅವರ ಬಂದೂಕುಗಳಿಗೆ ಮಾತ್ರ ಹಲ್ಲಿತ್ತು. ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತಿದ್ದರು, ಪುಣ್ಯಾತ್ಮರು. “ಕೂಗಾಡಿ ಗಂಟಲು ಕೆಡಿಸ್ಕೊಂಡು ವಾಪಸ್ ಬರ್ತಾರೆ ಬಿಡು,” ಎಂದು ಹೆಂಡತಿಗೆ ಹೇಳಿದೆ.

ಸೋಮವಾರ ತಂಗಿ ಬಂದಳು. ಕೈಯಲ್ಲಿ ಆರು ವರ್ಷದ ಮಗಳು, ಕಂಕುಳಲ್ಲಿ ಹೊದಿಕೆಯಲ್ಲಿ ಸುತ್ತಿದ ಬಂದೂಕು.

“ಅಣ್ಣಾ, ಇದನ್ನ ಸರಿ ಮಾಡಿಕೊಡು. ಅವರು ಸ್ನಾನಕ್ಕೆ ಹೋಗಿದ್ದಾರೆ, ಎಣ್ಣೆ ಹಾಕಿಸ್ಕೊಂಡು ಬರ್ತೀನಿ ಅಂತ ಹೇಳಿ ತಂದಿದ್ದೀನಿ.”

“ಹುಚ್ಚೇನೇ ನಿಂಗೆ? ಎರಡೂ ಕಡೆ ಯಾರದ್ದೂ ಹಾರಲ್ಲ. ನಾನೇ ಹೋಗಿ ನೋಡಿ ಬಂದಿದ್ದೀನಿ.”

“ನೀನು ನೋಡಿದಾಗ ಹಾಗಿತ್ತು. ಆಮೇಲೆ ಬೇರೆ ಊರಿಂದ ಯಾರಾದ್ರೂ ಒಂದು ತಂದಿದ್ರೆ? ಒಂದೇ ಒಂದು ಸಾಕಲ್ಲಣ್ಣ. ಅವರು ಎಲ್ಲರಿಗಿಂತ ಮುಂದೆ ನಿಲ್ತಾರೆ, ಅವರ ಬುದ್ಧಿ ನಿಂಗೆ ಗೊತ್ತಿಲ್ವಾ? ಕೈಯಲ್ಲಿ ಬಂದೂಕಿದೆ ಅಂತ ನಂಬ್ಕೊಂಡು ನಿಂತಿರ್ತಾರೆ. ಅದು ಬರೀ ಕೋಲು ಅಂತ ಗೊತ್ತಿರೋದು ನಂಗೆ, ನಿಂಗೆ. ಏನಾದ್ರೂ ಆದ್ರೆ ಕೊಂದಿದ್ದು ಆಚೆಯವರಲ್ಲ, ನಾವಿಬ್ರೇ.”

ಮಗು ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿತ್ತು. ಒಳಗಿನಿಂದ ಹೆಂಡತಿ ಮಿಷನ್ ನಿಲ್ಲಿಸಿ ಬಾಗಿಲಿಗೆ ಬಂದಳು.

“ಮಾಡಬೇಡಿ ರೀ. ಇವಳು ನಿಮ್ಮ ತಂಗಿ ಅಂತ ಮಾಡ್ತೀರ. ಉಳಿದವರು ಯಾರ ತಂಗಿಯರು?”

ತಂಗಿ ಅತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ. “ನೀನು ಮಾಡದೆ ನಾನು ಏಳಲ್ಲ,” ಎಂದು ಸ್ಟೂಲಿನ ಮೇಲೆ ಕೂತಳು.

ಮಾಡಿದೆ. ಡಬ್ಬಿಯಿಂದ ಹೊಸ ಪಿನ್ನು ತೆಗೆದು ಹಾಕಿದೆ. ಅರ್ಧ ಗಂಟೆ ಹಿಡಿಯಿತು. ನಾನು ಎಷ್ಟು ದೊಡ್ಡ ಮನುಷ್ಯ ಎಂದು ತಿಳಿಯುವುದಕ್ಕೆ ಆ ಅರ್ಧ ಗಂಟೆ ಸಾಕಾಯಿತು. ಹನ್ನೊಂದು ವರ್ಷ ಅರವತ್ತು ಮನೆಯ ಹೆಂಗಸರು ನನ್ನನ್ನು ನಂಬಿದ್ದರು, ಸ್ವಂತ ತಂಗಿಯ ಕಣ್ಣೀರಿನ ಮುಂದೆ ಆ ಅರವತ್ತೂ ಮನೆ ನನಗೆ ಬೇರೆಯವರ ಮನೆಯಾದವು.

ಮಂಗಳವಾರ ಟೀಚರ್ ಬಂದರು. ಸೇತುವೆಯ ಮೇಲೆ ಇನ್ನೂ ಹೆಂಗಸರನ್ನು ತಡೆಯುತ್ತಿರಲಿಲ್ಲ. ಕೂರಿ ಎಂದರೂ ಕೂರಲಿಲ್ಲ.

“ಮುಚ್ಚುಮರೆ ಇಲ್ಲದೆ ಹೇಳಿ. ಸಮಿತಿಯವರು ಸೇತುವೆ ಪಕ್ಕ ಅಂಗಡಿ ಇರೋರು ಬರಲೇಬೇಕು ಅಂತಿದ್ದಾರೆ, ನಮ್ಮನೆಯವರೂ ಹೋಗಿ ನಿಂತಿದ್ದಾರೆ. ಬಡಪಾಯಿ, ಬಂದೂಕು ಹಿಡ್ಕೊಳ್ಳೋಕೂ ಬರಲ್ಲ. ನಿಮ್ಮ ಕಡೆಯ ಬಂದೂಕುಗಳೂ ಹಾಗೇ ಇವೆ ತಾನೆ? ಇಲ್ಲ ಅಂದ್ರೆ ನಮ್ಮದನ್ನೂ ಸರಿಮಾಡಿಸ್ತೀನಿ. ಅಥವಾ ಅವರ ಕಾಲು ಹಿಡಿದಾದ್ರೂ ಮನೇಲಿ ಕೂರಿಸ್ತೀನಿ.”

ಅವರ ಹಿಂದೆ ನನ್ನ ಹೆಂಡತಿ ಕತ್ತರಿ ಹಿಡಿದು ನಿಂತಿದ್ದಳು. ಹೇಳುತ್ತೀರೋ ಇಲ್ಲವೋ ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು. ಹೇಳಿದರೆ ಭಾವನ ಹೆಸರು ಹೇಳಬೇಕು. ಆಚೆ ದಡಕ್ಕೆ ಗೊತ್ತಾದರೆ ಮೊದಲು ಅವನ ಮೇಲೇ ಕಲ್ಲು ಬೀಳುತ್ತದೆ. ನಾಲಿಗೆ ಹೊರಳಲಿಲ್ಲ. ಕೊನೆಗೆ ಹೊರಳಿದಾಗ ಸುಳ್ಳಿಗೇ ಹೊರಳಿತು.

“ಹಾಗೇ ಇವೆ ಟೀಚರ್. ಯಾರದ್ದೂ ಹಾರಲ್ಲ. ನೀವು ನೆಮ್ಮದಿಯಾಗಿರಿ.”

“ನೀವು ಹೇಳಿದ್ರಲ್ಲ, ಸಾಕು,” ಎಂದು ಹೋದರು. ಹೆಂಡತಿಯೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಅದನ್ನು ಅವಳು ತನಗೇ ಕ್ಷಮಿಸಿಕೊಂಡಿಲ್ಲ, ನನಗಂತೂ ಇಲ್ಲವೇ ಇಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸೇತುವೆಯ ಮೇಲೆ ಒಂದು ಹಾಲಿನ ಗಾಡಿಯನ್ನು ಬಿಡಬೇಕೋ ಬೇಡವೋ ಎಂದು ಜಗಳ ಹತ್ತಿತು. ಕೂಗು ಕೇಳಿ ನಾನೂ ಓಡಿದೆ. ಈಚೆ ಹದಿನೈದು ಜನ, ಆಚೆಯೂ ಅಷ್ಟೇ, ನಡುವೆ ಮೂವತ್ತು ಹೆಜ್ಜೆ. ಬೈಗುಳ ಅಮ್ಮ ಅಕ್ಕಂದಿರ ತನಕ ಹೋಯಿತು. ಯಾರು ಮೊದಲು ಎತ್ತಿದರೋ ಗೊತ್ತಿಲ್ಲ, ನೋಡನೋಡುತ್ತಿದ್ದ ಹಾಗೆ ಎಲ್ಲ ನಳಿಗೆಗಳೂ ಮೇಲಕ್ಕೆದ್ದವು. ಆಚೆಯಿಂದ ಒಂದು ‘ಟಕ್’. ಈಚೆಯಿಂದ ಎರಡು. ಆಮೇಲೆ ಎರಡೂ ಕಡೆಯಿಂದ ಟಕ್ ಟಕ್ ಟಕ್, ಬೆರಳಚ್ಚು ಕಲಿಸುವ ಕೋಣೆಯ ಹಾಗೆ.

ಆಮೇಲೆ ಎಲ್ಲ ಸುಮ್ಮನಾಯಿತು. ಟ್ರಿಗರ್ ಎಳೆದವರೆಲ್ಲ ತಮ್ಮ ತಮ್ಮ ಬಂದೂಕನ್ನು ನೋಡಿಕೊಂಡರು. ಒಬ್ಬ ಅಲುಗಾಡಿಸಿದ, ಒಬ್ಬ ನಳಿಗೆಯೊಳಗೇ ಇಣುಕಿದ, ಮೂರ್ಖ. ಹಾಲಿನ ಗಾಡಿಯವನು ಗಾಡಿಯ ಕೆಳಗೆ ನುಸುಳಿದ್ದ, ತಲೆ ಮಾತ್ರ ಹೊರಗೆ ಹಾಕಿದ. ಆಗ ಔಷಧಿ ಅಂಗಡಿಯವರು ತಮ್ಮ ಬಂದೂಕನ್ನು ಕೆಟ್ಟುಹೋದ ಕೊಡೆಯ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, ಗಟ್ಟಿಯಾಗಿ ನಕ್ಕುಬಿಟ್ಟರು. ಅವರ ಪಕ್ಕದವನೂ ನಕ್ಕ. ಈಚೆ ಕಡೆಯೂ ಒಬ್ಬಿಬ್ಬರ ಮುಖ ಸಡಿಲವಾಯಿತು. ದೇವರಾಣೆ ಹೇಳುತ್ತೇನೆ, ಇನ್ನೊಂದು ನಿಮಿಷ ಕಳೆದಿದ್ದರೆ ಮೂವತ್ತೂ ಜನ ನಕ್ಕು, ನಾಚಿಕೊಂಡು, ನನ್ನ ಅಂಗಡಿಗೆ ಒಟ್ಟಿಗೆ ಬಂದು ನನ್ನನ್ನು ಬೈಯುತ್ತಿದ್ದರು.

ಭಾವ ಮಾತ್ರ ಇನ್ನೂ ಟ್ರಿಗರ್ ಎಳೆದಿರಲಿಲ್ಲ. ಅಲ್ಲಿಯತನಕ ಗಾಡಿಯ ಪಕ್ಕದಲ್ಲಿದ್ದ ಅವನು ಆಗಷ್ಟೇ ಮುಂದೆ ಬಂದಿದ್ದ. ಅವನಿಗೆ ಕಂಡದ್ದು ತನ್ನ ಕಡೆ ಮುಖ ಮಾಡಿ ನಗುತ್ತಿದ್ದ ಒಬ್ಬ ಮನುಷ್ಯ. “ಯಾರನ್ನೋ ನೋಡಿ ನಗ್ತೀಯ?” ಎಂದ.

“ಭಾವಾ, ಬೇಡ!” ಎಂದು ನಾನು ಕೂಗಿದೆ. ಗುಂಡಿನ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

ಔಷಧಿ ಅಂಗಡಿಯವರು ಬಿದ್ದಾಗ ಅವರ ಮುಖದ ಮೇಲೆ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಎರಡೂ ಕಡೆಯವರು ಓಡಿಹೋದರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಭಾವನೇ. ತನ್ನ ಕೈಯಲ್ಲಿದ್ದದ್ದು ಹಾರಬಹುದು ಎಂದು ಅವನಿಗೂ ಅಲ್ಲಿಯತನಕ ನಂಬಿಕೆ ಇರಲಿಲ್ಲವೇನೋ. ಮಧ್ಯಾಹ್ನದ ಹೊತ್ತಿಗೆ ಸಮಿತಿಯವರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಸಂಜೆಯ ಹೊತ್ತಿಗೆ ಅವನಿಗೂ ತಾನು ವೀರನೇ ಎನಿಸಿರಬೇಕು, ಮೀಸೆಯ ಮೇಲೆ ಕೈ ಹೋಗಿತ್ತು.

ಬಂದೂಕುಗಳನ್ನು ಬಿಚ್ಚಿ ನೋಡಲು ಜಾಣತನವೇನೂ ಬೇಕಿರಲಿಲ್ಲ. ಮರುದಿನ ಈಚೆ ದಡದ ಸಮಿತಿಯವರು ನನ್ನನ್ನು ಹೊಡೆದರು. ಮುಖಕ್ಕೆ ಹೊಡೆದರು, ಬೆನ್ನಿಗೆ ಹೊಡೆದರು, ಕೈಗೆ ಮಾತ್ರ ಹೊಡೆಯಲಿಲ್ಲ. ಕೈ ಬೇಕಿತ್ತು. “ಯಾರು ಮಾಡಿಸಿದ್ದು?” ಎಂದು ಕೇಳಿದರು. “ಉಕ್ಕು ಕಳಪೆ, ಸವೆದಿದೆ,” ಎಂದೆ. ಒಬ್ಬ ಹೆಂಗಸಿನ ಹೆಸರನ್ನೂ ಹೇಳಲಿಲ್ಲ. ನನ್ನ ಜೀವನದಲ್ಲಿ ಹೇಳಿಕೊಳ್ಳುವಂಥ ಒಂದು ಕೆಲಸ ಉಳಿದಿದ್ದರೆ ಅದು ಇಷ್ಟೇ. ಒಂದು ವಾರದೊಳಗೆ ಎಲ್ಲದಕ್ಕೂ ಉದ್ದ ಪಿನ್ನು ಹಾಕಿಕೊಡಬೇಕೆಂದು ಅಪ್ಪಣೆಯಾಯಿತು.

ಗಂಡಸರು ಕಾವಲಿಗೆ ನಿಲ್ಲಬೇಕಾದ್ದರಿಂದ ಬಂದೂಕುಗಳನ್ನು ಹೆಂಗಸರು ತಂದರು. ಹನ್ನೊಂದು ವರ್ಷ ಹಿಂದಿನ ಬಾಗಿಲಿನಿಂದ ಬಂದವರು ಈಗ ಮುಂದಿನ ಬಾಗಿಲಿನಲ್ಲಿ ಸಾಲು ನಿಂತರು. ಯಾರೂ ನನ್ನ ಮುಖ ನೋಡಲಿಲ್ಲ. ಗಿಡ್ಡ ಮಾಡಿ ಎಂದು ಅತ್ತಿದ್ದ ಆ ತಾಯಿಯೇ ಈಗ, “ಸರಿಯಾಗಿ ಹಾರ್ಬೇಕು, ನೋಡಿ,” ಎಂದಳು. ಅವಳನ್ನು ದೂರುವ ಬಾಯಿ ನನಗೆಲ್ಲಿದೆ?

ಬುಧವಾರ ಮಧ್ಯಾಹ್ನ ಆ ಸಾಲಿನ ಕೊನೆಯಲ್ಲಿ ಟೀಚರ್ ನಿಂತಿದ್ದರು. ಕಂಕುಳಲ್ಲಿ ಶಾಲೆಯ ಗೋಡೆಗೆ ಹಾಕುವ ಉದ್ದದ ನಕಾಶೆಯ ಸುರುಳಿ. ಸೇತುವೆಯ ಕಾವಲಿನವರು ಅವರ ಮುಖ ನೋಡಲಾರದೆ ತಲೆ ತಗ್ಗಿಸಿ ಬಿಟ್ಟಿದ್ದರಂತೆ, ಅರ್ಧ ಜನರ ಮಕ್ಕಳಿಗೆ ಅಕ್ಷರ ಕಲಿಸಿದವರು. ಸಾಲಿನಲ್ಲಿದ್ದ ಹೆಂಗಸರು ದಾರಿ ಬಿಟ್ಟರು. ಟೀಚರ್ ಬೇಡ ಎಂದು ತಲೆಯಾಡಿಸಿ ತಮ್ಮ ಸರದಿಯ ತನಕ ಕಾದರು.

ಮೇಜಿನ ಮೇಲೆ ನಕಾಶೆ ಬಿಚ್ಚಿದರು. ನದಿ, ಬೆಟ್ಟ, ಬಣ್ಣ ಬಣ್ಣದ ದೇಶಗಳ ಮೇಲೆ ಅವರ ಗಂಡನ ಬಂದೂಕು ಮಲಗಿತ್ತು.

“ಉದ್ದದ ಪಿನ್ನು ಹಾಕಿ,” ಎಂದರು.

“ಟೀಚರ್...”

“ಎಷ್ಟು ಹೊತ್ತಾಗುತ್ತೆ?”

“ಅರ್ಧ ಗಂಟೆ.”

“ಅವತ್ತೂ ಅಷ್ಟೇ ಅಂದಿದ್ರಿ.”

ಯಾರಿಗಾಗಿ ಎಂದು ನಾನು ಕೇಳಬೇಕಾಗಿರಲಿಲ್ಲ. ಬಂದೂಕು ಬಿಚ್ಚಿದೆ. ಹನ್ನೊಂದು ವರ್ಷದ ಹಿಂದೆ ನಾನೇ ಉಜ್ಜಿದ ಪಿನ್ನು ಹಾಗೇ ಇತ್ತು. ಅಂಗೈಯಲ್ಲಿ ಅದನ್ನೂ ಹೊಸದನ್ನೂ ಇಟ್ಟುಕೊಂಡೆ. ನೋಡಿದರೆ ಎರಡಕ್ಕೂ ಏನು ಮಹಾ ವ್ಯತ್ಯಾಸ? ಹಳೆಯದನ್ನೇ ಒರೆಸಿ ಹಾಕಿ ಕೊಟ್ಟರೆ ತಂಗಿಯ ಮಗಳ ಅಪ್ಪ ಉಳಿಯುತ್ತಾನೆ ಎಂದುಕೊಂಡೆ. ತಲೆಯೆತ್ತಿದರೆ ಟೀಚರ್ ನನ್ನ ಅಂಗೈಯನ್ನೇ ನೋಡುತ್ತಿದ್ದರು.

“ಅಂಗಳದಲ್ಲಿ ಮರಳಿನ ಡ್ರಮ್ಮಿದೆಯಲ್ಲ, ಅದಕ್ಕೆ ಹಾರಿಸಿ ತೋರಿಸಿ. ನಿಮ್ಮ ಮಾತು ಈ ಸಲ ಬೇಡ.”

ಉದ್ದದ್ದನ್ನೇ ಹಾಕಿದೆ. ಅವರ ಕಣ್ಣೆದುರು ಇನ್ನೊಂದು ಸುಳ್ಳು ಆಡುವ ಮುಖ ನನಗಿರಲಿಲ್ಲ. ಅದನ್ನು ಯಾರೂ ಪ್ರಾಮಾಣಿಕತೆ ಎನ್ನಬೇಡಿ. ಅಂಗಳಕ್ಕೆ ಹೋಗಿ ಮರಳಿಗೆ ಹಾರಿಸಿದೆ. ಹಾರಿತು. ಬೀದಿಯಲ್ಲಿ ಯಾರೂ ಬೆಚ್ಚಲಿಲ್ಲ, ಐದು ದಿನದಿಂದ ಅದೇ ಸದ್ದು ಕೇಳಿ ಅಭ್ಯಾಸವಾಗಿತ್ತು.

“ಸರ್ಟಿಫಿಕೇಟು,” ಎಂದು ಟೀಚರ್ ಕೈ ಚಾಚಿದರು.

ಬರೆದೆ. ಪರೀಕ್ಷೆಯ ಕಾಗದ ತಿದ್ದುವವರ ಹಾಗೆ ಅವರು ಅದನ್ನು ಕೊನೆಯ ಸಾಲಿನ ತನಕ ಓದಿ ಮಡಚಿಟ್ಟುಕೊಂಡರು. ಬಂದೂಕನ್ನು ಮತ್ತೆ ನಕಾಶೆಯಲ್ಲಿ ಸುತ್ತಿ ದಾರ ಕಟ್ಟಿದರು. ಹೊಸ್ತಿಲಲ್ಲಿ ಒಮ್ಮೆ ನಿಂತರು.

“ನಿಮ್ಮ ತಂಗಿಗೆ ಹೇಳಿ, ನಾಳೆ ಮಗೂನ ಶಾಲೆಗೆ ಕಳಿಸ್ಲಿ. ಮನೇಲಿ ಇಟ್ಕೊಳ್ಳೋದು ಬೇಡ.”

ಒಳಗೆ ಮಿಷನ್ ನಿಂತಿತು. ಹೆಂಡತಿ ಚಪ್ಪಲಿಯನ್ನೂ ಹಾಕದೆ ಹಿಂದಿನ ಬಾಗಿಲಿನಿಂದ ಟೈರ್ ಅಂಗಡಿಯ ಕಡೆ ಓಡಿದಳು. ನಾನು ಏಳಲಿಲ್ಲ. ಹೋಗಿ ಭಾವನಿಗೆ ಏನೆಂದು ಹೇಳುವುದು? ಹುಷಾರಾಗಿರು ಎಂದರೆ ಅವನೂ ಬಂದೂಕನ್ನೇ ಎತ್ತಿಕೊಳ್ಳುತ್ತಾನೆ, ಅದಕ್ಕೂ ಪಿನ್ನು ಹಾಕಿದವನು ನಾನೇ. ಬಿಲ್ ಪುಸ್ತಕದಲ್ಲಿ ಸರ್ಟಿಫಿಕೇಟಿನ ಕಾರ್ಬನ್ ಪ್ರತಿ ಉಳಿದಿತ್ತು: ‘ಸುಸ್ಥಿತಿಯಲ್ಲಿದೆ’. ಆ ಬಂದೂಕಿಗೆ ಹನ್ನೊಂದು ವರ್ಷದಲ್ಲಿ ನಾನು ಹಾಕಿದ ಮೊದಲ ನಿಜವಾದ ಸಹಿ ಅದು.